ಮೊಗವೀರರು: ಕಡಲ ಮೀನುಗಾರರ ಚರಿತ್ರೆ ಮತ್ತು ಸಮಾಜಜೀವನ

ಸಂಸ್ಕೃತ ಕಾವ್ಯಗಳಲ್ಲಿ ಮೀನುಗಾರನ ಪ್ರಸಂಗ ಬಂದೊಡನೆ ಉಪಾಧ್ಯಾಯರು 'ಬೆಸ್ತ' ಎಂಬ ಒಂದೇ ಮಾತಿನಿಂದ ಅರ್ಥ ಹೇಳಿ ಮುಂದೆ ಸಾಗುವುದು ರೂಢಿಯಾಗಿದೆ. ಅಮರಸಿಂಹನು ಕೈವರ್ತ, ದಾಶ, ಧೀವರ ಎಂಬ ಮೂರನ್ನೂ ಪರ್ಯಾಯಪದಗಳಾಗಿ ಪಠಿಸಿರುವುದು ಈ ರೂಢಿಗೆ ಬಲ ಕೊಟ್ಟಿರಬಹುದು. ಆದರೆ ಮಹಾಭಾರತದ ಸತ್ಯವತಿ ಯಮುನೆಯಲ್ಲಿ ದೋಣಿ ನಡೆಸಿದವಳು. ಶಾಕುಂತಲದ ಆರನೆಯ ಅಂಕದಲ್ಲಿ ಉಂಗುರದೊಡನೆ ಸೆರೆಸಿಕ್ಕ ಧೀವರನು ಶಕ್ರಾವತಾರದ ನಿವಾಸಿ, ಗಾಳಬಲೆಗಳಿಂದ ಕುಟುಂಬವನ್ನು ಪೋಷಿಸತಕ್ಕವನು. ಇಬ್ಬರೂ ನದೀತೀರದವರು, ಕಾವ್ಯದಲ್ಲಿ ಇಬ್ಬರೂ ಒಂಟಿಯಾಗಿ ದುಡಿಯುವವರಾಗಿಯೇ ಕಾಣುತ್ತಾರೆ. ಕಡಲ ಮೀನುಗಾರನ ಬಾಳು ಇದಕ್ಕಿಂತ ಭಿನ್ನ. ಆ ಭೇದವನ್ನು ತಿಳಿಯುವುದಕ್ಕೆ ತುಳುನಾಡಿನ ಮೊಗವೀರರ ಜೀವನವು ತಕ್ಕ ನಿದರ್ಶನವಾಗಿದೆ.

ಮೊದಲು ಹೆಸರಿನ ವಿಚಾರ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಲ್ಲಿ ಇವರು ಮೊಗೇರರೆಂದು ವರ್ಣಿತರಾಗಿದ್ದಾರೆ. ಮರಕಾಲರೆಂಬ ಹೆಸರೂ ಉಂಟು. ಇದೇ ಸೀಮೆಯಲ್ಲಿ ಮೊಗೇರರೆಂಬ ಬೇರೊಂದು ಸಮುದಾಯವೂ ಇರುವುದರಿಂದ, ಹಳೆಯ ಬರಹಗಳನ್ನು ಓದುವವರು ನಾಮಸಾಮ್ಯಕ್ಕೆ ಮೋಸಹೋಗಬಾರದು. ಕೊಂಕಣಿಯನ್ನಾಡುವ ಖಾರ್ವಿಗಳೂ ಕಡಲ ಮೀನುಗಾರರೇ ಆದರೂ ಅವರು ಬೇರೆ ಕುಲದವರು. ಮೊಗವೀರರ ಮನೆಮಾತು ತುಳು. ಉತ್ತರಕ್ಕೆ ಕುಂದಾಪುರದ ಕಡೆಗೆ ಕನ್ನಡ.

ಇವರ ದಾಯಕ್ರಮವು ಅಳಿಯಸಂತಾನ. 'ಬಳಿ'ಯು ತಾಯಿಯಿಂದ ಬರುವುದು. ಒಂದೇ ಬಳಿಯವರಲ್ಲಿ ವಿವಾಹ ನಿಷಿದ್ಧ. ದಾಶರಾಜನು ಶಂತನುವಿಗೆ ವಿಧಿಸಿದ ನಿಯಮದಲ್ಲಿ ಈ ಪದ್ಧತಿಯ ಮೂಲವನ್ನು ಹುಡುಕುವ ಮನಸ್ಸಾಗುವುದು ಸಹಜ. ಆದರೆ ಅದು ಯುಕ್ತವಲ್ಲ. ದಾಶರಾಜನು ಬೇಡಿದುದು ದೌಹಿತ್ರನಿಗೆ ರಾಜ್ಯವನ್ನು, ಅದೂ ಆ ದೌಹಿತ್ರನ ತಂದೆಯ ರಾಜ್ಯವನ್ನು. ಅಳಿಯಸಂತಾನದಲ್ಲಿ ಮಾವನ ಸ್ಥಾನವು ಸಲ್ಲುವುದು ಭಾಗಿನೇಯನಿಗೆ. 1949ರ ಮದರಾಸು ಶಾಸನವೂ 1956ರ ಹಿಂದೂ ಉತ್ತರಾಧಿಕಾರ ಶಾಸನವೂ ಈ ದಾಯಕ್ರಮವನ್ನು ಬಹುಮಟ್ಟಿಗೆ ಮಾರ್ಪಡಿಸಿದುವು. ಬಳಿಯ ನೆನಪು ಮಾತ್ರ ಮದುವೆಗಳಲ್ಲಿ ಉಳಿದಿದೆ.

ವೃತ್ತಿಯಲ್ಲಿ ಇವರ ವೈಶಿಷ್ಟ್ಯವು ರಂಪಣಿ. ಇದು ಒಂದು ಕಿಲೋಮೀಟರಿಗೂ ಮೀರಿ ಉದ್ದವಾಗಬಲ್ಲ ದಡದ ಬಲೆ. ಬಂಗುಡೆ ಅಥವಾ ಬೂತಾಯಿಯ ಹಿಂಡು ದಡಕ್ಕೆ ಸಮೀಪಿಸಿದಾಗ ಬಲೆಯ ಒಂದು ತುದಿಯನ್ನು ದಡದಲ್ಲಿ ಹಿಡಿದು, ದೋಣಿಯು ಹಿಂಡನ್ನು ಅರ್ಧಚಂದ್ರಾಕಾರವಾಗಿ ಬಳಸಿ ಮತ್ತೊಂದು ತುದಿಯನ್ನು ದಡಕ್ಕೆ ತರುವುದು. ಬಳಿಕ ಹತ್ತಾರು ಮಂದಿ ಎರಡು ಕಡೆಯಿಂದಲೂ ಎಳೆಯಬೇಕು. ಒಬ್ಬನಿಂದ ಈ ಬಲೆಯನ್ನು ಕೊಳ್ಳುವುದೂ ಕಷ್ಟ, ಎಳೆಯುವುದಂತೂ ಅಸಾಧ್ಯ. ಆದುದರಿಂದ ಬಲೆಯ ತುಂಡು ತಂದವನಿಗೂ ಮೈಮುರಿದು ದುಡಿದವನಿಗೂ ಪಾಲು ಏರ್ಪಟ್ಟಿತು. ದಡಕ್ಕೆ ಬಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಊರೂರು ಮಾರಿ ಹಣವನ್ನು ಮನೆಗೆ ತರುವವರು ಹೆಂಗಸರು. ಊರಿನ ವ್ಯಾಜ್ಯಗಳನ್ನು ಗುರಿಕಾರನು ತೀರಿಸುತ್ತಿದ್ದನು.

ಇವರ ಕಡಲ ದೈವ ಬೊಬ್ಬರ್ಯ. ತುಳು ಪಾಡ್ದನವು ಅವನನ್ನು ಮುಸಲ್ಮಾನ ವರ್ತಕನ ಮಗನೆಂದೂ ಹಡಗಿನಲ್ಲಿ ಹೋಗಿ ಕಡಲಿನಲ್ಲಿ ಮಡಿದು ದೈವವಾದನೆಂದೂ ಹೇಳುವುದು. ಕಡಲಿಗಿಳಿಯುವವರಿಗೆ ಕಾವಲುಗಾರನ ಕುಲಕ್ಕಿಂತ ಕಾವಲೇ ಮುಖ್ಯವಾಯಿತೆಂದು ಇದರಿಂದ ಊಹಿಸಬಹುದು. ಮಳೆಗಾಲ ಇಳಿಮುಖವಾಗುವ ನೂಲಹುಣ್ಣಿಮೆಯ ಸಮಯದಲ್ಲಿ ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆಯು ಇಂದಿಗೂ ನಡೆಯುತ್ತಿದೆ.

1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದಿತು. ಹಿಂಡುಗಳು ದಡಕ್ಕೆ ಬರುವ ಮೊದಲೇ ಅವನ್ನು ಆಳದಲ್ಲಿಯೇ ಸುತ್ತುವರಿಯುವುದು ಸಾಧ್ಯವಾಯಿತು. ರಂಪಣಿಯವರ ಪ್ರತಿಭಟನೆಗಳು ನಡೆದರೂ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ತೆರೆಮರೆಗೆ ಸರಿಯಿತು; ಈಗ ಸಣ್ಣ ಕೈರಂಪಣಿಗಳು ಅಲ್ಲಲ್ಲಿ ಉಳಿದಿವೆ. ಅದೇ ಜನರಲ್ಲಿ ಕೆಲವರು ಯಂತ್ರದೋಣಿಯ ಒಡೆಯರಾದರು, ಕೆಲವರು ಕೂಲಿಗಳಾದರು. ಹಿಂದೆ ಪಾಲುಗಾರರಾಗಿದ್ದವರ ನಡುವೆ ಈ ಭೇದ ಹುಟ್ಟಿದುದೇ ನಷ್ಟಗಳಲ್ಲಿ ದೊಡ್ಡದು.

ಬಲೆಯೊಡನೆ ಅದರ ಪದಗಳೂ ಹೋಗುತ್ತಿವೆ. ಬಲೆಯ ಅಂಗಗಳು, ಗಾಳಿಯ ದಿಕ್ಕುಗಳು, ನೀರಿನ ಬಣ್ಣದಿಂದ ಹಿಂಡನ್ನು ಗುರುತಿಸುವ ಮಾತುಗಳು ರಂಪಣಿ ಎಳೆದ ವೃದ್ಧರ ನಾಲಗೆಯಲ್ಲಿ ಮಾತ್ರ ಇವೆ. ಕೋಶಕಾರರು ಇವನ್ನು ಸಂಗ್ರಹಿಸದೆ ಹೋದರೆ, ಮುಂದೆ ಧೀವರಶಬ್ದಕ್ಕೆ ಅರ್ಥ ಹೇಳುವವರ ಬಳಿ ಅದೇ ಒಂದು ಮಾತು ಉಳಿಯುವುದು.