ಡೆತ್ ವ್ಯಾಲಿ: ಒಣನೆಲದಲ್ಲಿ ನೀರಿನ ಜಾಡು

ಕ್ಯಾಲಿಫೋರ್ನಿಯಾದ ಪೂರ್ವದಂಚಿನಲ್ಲಿ, ನೆವಾಡ ಗಡಿಗೆ ಒತ್ತಿಕೊಂಡಿರುವ ಡೆತ್ ವ್ಯಾಲಿಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 50 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅದಕ್ಕಿಂತ ಹೆಚ್ಚು ಸುರಿದುಬಿಡುತ್ತದೆ. ಪೆಸಿಫಿಕ್ ಕಡೆಯಿಂದ ಬರುವ ಮೋಡಗಳು ಸಿಯೆರಾ ನೆವಾಡ ಮೊದಲಾಗಿ ಒಂದರ ಹಿಂದೊಂದು ಪರ್ವತಸಾಲು ದಾಟುತ್ತಾ ಬರಿದಾಗುತ್ತವೆ. ಇಲ್ಲಿಗೆ ತಲುಪುವುದು ಒಣಗಾಳಿ ಮಾತ್ರ. ಆದರೂ ಇಲ್ಲಿನ ಯಾವ ನೋಟದೆದುರು ನಿಂತರೂ ಅದನ್ನು ಕಡೆದಿಟ್ಟದ್ದು ನೀರೇ ಎಂಬುದು ಎದ್ದು ಕಾಣುತ್ತದೆ. ಪ್ರವಾಸದ ದಾರಿಯನ್ನೂ ಆ ನೀರಿನ ಜಾಡು ಹಿಡಿದೇ ಹಾಕಿಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೋಗುವ ಕಾಲ ನವೆಂಬರ್‌ನಿಂದ ಮಾರ್ಚ್. 1913ರ ಜುಲೈ 10ರಂದು ಇಲ್ಲಿನ ಫರ್ನೆಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಅಧಿಕೃತ ವಿಶ್ವದಾಖಲೆ. ಅದೇ ಜಾಗದಲ್ಲಿ ಡಿಸೆಂಬರ್ ಮಧ್ಯಾಹ್ನ 18-20 ಡಿಗ್ರಿಯ ಹಿತವಾದ ಬಿಸಿಲು, ರಾತ್ರಿ ನಾಲ್ಕೈದು ಡಿಗ್ರಿಯ ಚಳಿ. ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳು ವರ್ಷಾಂತ್ಯದ ರಜೆಯಲ್ಲಿ, ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು, ಲಾಸ್ ವೇಗಸ್ ಜೊತೆಗೆ ಇದನ್ನೂ ಒಂದು ಹಗಲಲ್ಲಿ ಮುಗಿಸಿ ಬರುವುದುಂಟು. ವೇಗಸ್‌ನಿಂದ ಎರಡು ತಾಸಿನ ದಾರಿಯಾದ್ದರಿಂದ ಆಗದ ಮಾತೇನಲ್ಲ. ಆದರೆ ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಈ ರಾಷ್ಟ್ರೀಯ ಉದ್ಯಾನ 13,000 ಚದರ ಕಿಲೋಮೀಟರಿಗೂ ದೊಡ್ಡದು. ಒಂದು ಹಗಲಲ್ಲಿ ಕಾರಿನ ಕಿಟಕಿಯಷ್ಟೇ ಕಂಡೀತು. ಎರಡು ರಾತ್ರಿಯಾದರೂ ಫರ್ನೆಸ್ ಕ್ರೀಕ್‌ನಲ್ಲೋ ಸ್ಟೋವ್‌ಪೈಪ್ ವೆಲ್ಸ್‌ನಲ್ಲೋ ಉಳಿಯಬೇಕು. ವಸತಿ, ಬಿಡಾರದ ಜಾಗ ಎರಡನ್ನೂ ತಿಂಗಳುಗಟ್ಟಲೆ ಮುಂಚೆ ಕಾದಿರಿಸುವುದು ಕ್ಷೇಮ.

ಮೊದಲ ಬೆಳಗು ಬ್ಯಾಡ್‌ವಾಟರ್‌ಗೆ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಈ ಉಪ್ಪಿನ ಬಯಲು ಉತ್ತರ ಅಮೆರಿಕದ ಅತಿ ತಗ್ಗಿನ ನೆಲ. ಕಾರು ನಿಲ್ಲಿಸಿದ ಕಡೆ ಹಿಂದಿರುಗಿ ತಲೆ ಎತ್ತಿದರೆ, ಬಂಡೆಯ ಮೇಲೆ ಬಹಳ ಎತ್ತರದಲ್ಲಿ ಸಮುದ್ರಮಟ್ಟ ತೋರಿಸುವ ಪುಟ್ಟ ಫಲಕವಿದೆ. ಎರಡೂ ಬದಿಯ ಬೆಟ್ಟಗಳು ಮೇಲೇಳುತ್ತಾ ನಡುವಿನ ನೆಲ ಕುಸಿಯುತ್ತಾ ಆದ ತಗ್ಗು ಇದು. ಇಲ್ಲಿಗೆ ಹರಿದ ನೀರಿಗೆ ಹೊರಹೋಗುವ ದಾರಿಯಿಲ್ಲ. ಹಿಮಯುಗದಲ್ಲಿ ನೂರಾರು ಅಡಿ ಆಳದ ಸರೋವರವಿತ್ತು. ಅದು ಆರಿಹೋಗಿ ಉಳಿದದ್ದು ಉಪ್ಪು. ಎಲ್ಲರೂ ಫೋಟೊ ತೆಗೆಸಿಕೊಂಡು ಹೊರಳುವ ಜಾಗದಿಂದ ಒಂದು ಕಿಲೋಮೀಟರಾದರೂ ಮುಂದೆ ನಡೆಯಿರಿ. ತುಳಿದು ಚಪ್ಪಟೆಯಾದ ಉಪ್ಪು ಮುಗಿದು, ಅಂಚು ಉಬ್ಬಿದ ಷಡ್ಭುಜಗಳು ಕಾಣಿಸಿಕೊಳ್ಳುತ್ತವೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಒಂದೇ ದಿನದಲ್ಲಿ 56 ಮಿ.ಮೀ., ಅಂದರೆ ವರ್ಷದ ಪಾಲನ್ನು ಸುರಿದಾಗ ಹಳೆಯ ಸರೋವರ ಮರಳಿ ತುಂಬಿತು. ಮುಂದಿನ ಫೆಬ್ರುವರಿಯಲ್ಲಿ ಜನ ಇದೇ ಬಯಲಿನಲ್ಲಿ ಕಯಾಕ್ ಓಡಿಸಿದರು.

ಇದೇ ಬಯಲನ್ನು ಸುಮಾರು 1,750 ಮೀಟರ್ ಮೇಲಿನಿಂದ ನೋಡಲು ಡಾಂಟೆಸ್ ವ್ಯೂಗೆ ಕಾರು ಹತ್ತುತ್ತದೆ. ಎದುರಿಗೆ ಹಿಮ ಹೊದ್ದ 3,368 ಮೀಟರ್ ಎತ್ತರದ ಟೆಲಿಸ್ಕೋಪ್ ಶಿಖರ, ಕೆಳಗೆ ಬಿಳಿ ಉಪ್ಪು. ಕೊರೆಯುವ ಗಾಳಿಗೆ ದಪ್ಪ ಕೋಟು ಬೇಕು.

ಒಂದೇ ಒಂದು ಚಾರಣಕ್ಕೆ ಸಮಯವಿದ್ದರೆ ಗೋಲ್ಡನ್ ಕ್ಯಾನ್ಯನ್ ಹತ್ತಿ ಗೋವರ್ ಗಲ್ಚ್ ಮೂಲಕ ಇಳಿಯುವ ಸುತ್ತುದಾರಿಯನ್ನೇ ಆರಿಸಿಕೊಳ್ಳಿ. ಸುಮಾರು ಏಳು ಕಿಲೋಮೀಟರ್. ನಿಧಾನವಾಗಿ ನಡೆದರೆ ಮೂರು ತಾಸು. ಹಳದಿ ಗೋಡೆಗಳ ನಡುವೆ ಹೋಗುವಾಗ ಕಾಲಡಿ ಅಲ್ಲಲ್ಲಿ ಡಾಂಬರಿನ ಚೂರು ಸಿಗುತ್ತದೆ. ಕಮರಿಯೊಳಗೆ ಕಾರು ಹೋಗುವ ರಸ್ತೆಯಿತ್ತು, 1976ರ ಪ್ರವಾಹ ಅದನ್ನು ಕಿತ್ತೊಯ್ದಿತು. ಮತ್ತೆ ಕಟ್ಟಲಿಲ್ಲ, ಒಳ್ಳೆಯದೇ ಆಯಿತು. ಮೇಲೆ ಜಬ್ರಿಸ್ಕಿ ಪಾಯಿಂಟ್ ಬಳಿ ಮಡಿಕೆ ಮಡಿಕೆಯಾದ ಕೆನೆಬಣ್ಣದ ಗುಡ್ಡಗಳು. ಅವು ಪುರಾತನ ಸರೋವರವೊಂದರ ತಳದ ಕೆಸರು, ಬಿರುಮಳೆಗಳು ಗೀರಿದ ರೂಪ. ಇಳಿಯುವ ಗೋವರ್ ಗಲ್ಚ್‌ನ ಕಥೆ ಬೇರೆ. ಫರ್ನೆಸ್ ಕ್ರೀಕ್‌ನ ವಸತಿಗಳನ್ನು ಪ್ರವಾಹದಿಂದ ಉಳಿಸಲು 1941ರಲ್ಲಿ ಹಳ್ಳದ ದಿಕ್ಕು ಬದಲಿಸಿ ನೀರನ್ನು ಇತ್ತ ತಿರುಗಿಸಿದರು. ಅಂದಿನಿಂದ ಈ ಕೊರಕಲು ಸಹಜ ವೇಗವನ್ನು ಮೀರಿ ಕೊರೆಯುತ್ತಿದೆ. ಮನುಷ್ಯ ಮಾಡಿದ ಒಂದು ಅಡ್ಡಕಾಲುವೆ ಭೂಗೋಳವನ್ನು ಹೇಗೆ ಅವಸರಪಡಿಸುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ನೋಡಲು ಸಿಗುವುದು ಅಪರೂಪ.

ಎರಡನೆಯ ದಿನ ಸ್ಟೋವ್‌ಪೈಪ್ ವೆಲ್ಸ್ ಕಡೆಗೆ. ಸೂರ್ಯ ಏಳುವ ಮೊದಲೇ ಮೆಸ್ಕೀಟ್ ಫ್ಲ್ಯಾಟ್ ಮರಳದಿಬ್ಬಗಳಲ್ಲಿರಿ. ರಾತ್ರಿ ಓಡಾಡಿದ ಜೀರುಂಡೆಗಳ, ಕಾಂಗರೂ ಇಲಿಗಳ ಹೆಜ್ಜೆಗುರುತು ಆಗ ಮಾತ್ರ ಅಳಿಯದೆ ಇರುತ್ತದೆ. ಈ ಇಲಿ ನೀರು ಕುಡಿಯದೆಯೇ ಬದುಕಬಲ್ಲದು, ತಿಂದ ಬೀಜದಿಂದಲೇ ಅದರ ದೇಹ ನೀರು ಮಾಡಿಕೊಳ್ಳುತ್ತದೆ. ಹತ್ತಿರದಲ್ಲೇ ಮೊಸಾಯಿಕ್ ಕ್ಯಾನ್ಯನ್. ಪ್ರವಾಹದ ಕಲ್ಲುಮರಳು ಉಜ್ಜಿ ಉಜ್ಜಿ ನುಣುಪಾದ ಅಮೃತಶಿಲೆಯ ಓಣಿ ಮೊದಲ ಅರ್ಧ ಕಿಲೋಮೀಟರಿನಲ್ಲೇ ಸಿಗುವುದರಿಂದ ಮಕ್ಕಳಿಗೂ ಹಿರಿಯರಿಗೂ ಕಷ್ಟವಾಗದು. ನಡುವೆ ಒಂದೆರಡು ಕಡೆ ಜಾರುಬಂಡೆ ಹತ್ತಬೇಕು, ಅಷ್ಟೇ.

ತಾವಾಗಿ ಸರಿದಾಡುವ ಕಲ್ಲುಗಳ ರೇಸ್‌ಟ್ರ್ಯಾಕ್‌ ಬಗ್ಗೆ ಎಲ್ಲರಿಗೂ ಕುತೂಹಲ. ನೆನೆದ ಬಯಲಿನ ಮೇಲೆ ರಾತ್ರಿ ಕಟ್ಟಿದ ತೆಳು ಮಂಜುಗಡ್ಡೆ ಬಿಸಿಲಿಗೆ ಒಡೆದು, ಗಾಳಿಗೆ ತೇಲುತ್ತಾ ಕಲ್ಲುಗಳನ್ನು ತಳ್ಳುವುದನ್ನು ಸಂಶೋಧಕರು 2013ರ ಡಿಸೆಂಬರ್‌ನಲ್ಲಿ ಕಣ್ಣಾರೆ ಕಂಡು, ಮರುವರ್ಷ ಪ್ರಕಟಿಸಿದರು. ಆದರೆ ಅಲ್ಲಿಗೆ ಹೋಗುವ 43 ಕಿಲೋಮೀಟರಿನ ಚೂಪುಜಲ್ಲಿ ರಸ್ತೆ ಟೈರು ಸೀಳುವುದಕ್ಕೆ ಹೆಸರಾದದ್ದು. ಬಾಡಿಗೆ ಕಾರಿನಲ್ಲಿ ಬೇಡವೇ ಬೇಡ.

ಮೊಬೈಲ್ ಸಿಗ್ನಲ್ ಬಹುತೇಕ ಕಡೆ ಇರುವುದಿಲ್ಲ. ಕಾಗದದ ನಕ್ಷೆ, ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಹೊರಗಿನ ಊರಿನಲ್ಲೇ ಪೂರ್ತಿ ತುಂಬಿಸಿದ ಪೆಟ್ರೋಲ್ ಇಟ್ಟುಕೊಳ್ಳಿ. ಒಳಗಿನ ಬಂಕುಗಳಲ್ಲಿ ಬೆಲೆ ಹೊರೆಯಾಗುತ್ತದೆ. ಹೊರಡುವ ದಿನ ಬೆಳಗ್ಗೆ ಯಾವ ರಸ್ತೆ ತೆರೆದಿದೆ ಎಂದು ಉದ್ಯಾನದ ಪ್ರಕಟಣೆ ನೋಡಲೇಬೇಕು. ಒಂದು ಮಳೆಗೆ ರಸ್ತೆಗಳು ತಿಂಗಳುಗಟ್ಟಲೆ ಮುಚ್ಚುತ್ತವೆ.

ಈ ಭಯಂಕರ ಹೆಸರನ್ನು ಕೊಟ್ಟವರು 1849ರ ಚಳಿಗಾಲದಲ್ಲಿ ಚಿನ್ನ ಹುಡುಕುತ್ತಾ ದಾರಿತಪ್ಪಿ ಬಂದವರು. ಅವರು ಬರುವ ಎಷ್ಟೋ ಮುಂಚಿನಿಂದ ಟಿಂಬಿಶಾ ಶೊಶೋನಿ ಜನರಿಗೆ ಇದು ಮನೆ. ಬೇಸಿಗೆಯಲ್ಲಿ ಪೈನ್ ಬೀಜ ಸಿಗುವ ತಂಪು ಬೆಟ್ಟಕ್ಕೆ ಏರಿ, ಚಳಿಗೆ ಕಣಿವೆಗೆ ಇಳಿಯುತ್ತಿದ್ದರು. ಊಟಕ್ಕೆ ಮೆಸ್ಕೀಟ್ ಕಾಯಿ, ಕುಡಿಯಲು ಒರತೆ ನೀರು. 1933ರಲ್ಲಿ ಸರ್ಕಾರ ಈ ನೆಲವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಗಿಸಿತು. ಟಿಂಬಿಶಾ ಜನರ ನೆಲದ ಹಕ್ಕನ್ನು ಕಾನೂನು ಮಾನ್ಯ ಮಾಡಿದ್ದು 2000ದಲ್ಲಿ. ಫರ್ನೆಸ್ ಕ್ರೀಕ್ ಪಕ್ಕದಲ್ಲೇ ಅವರ ಹಳ್ಳಿಯಿದೆ. ಅದು ಜನರ ವಾಸದ ಮನೆಗಳಿರುವ ಜಾಗ, ನೋಡುವ ತಾಣಗಳ ಪಟ್ಟಿಗೆ ಸೇರಿಸಿಕೊಳ್ಳಬಾರದು.

ರಜೆಯ ದಿನಗಳನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಡಿಸೆಂಬರ್ ಬಿಟ್ಟು ಫೆಬ್ರುವರಿ ಕೊನೆಗೆ ಹೋಗಿ. ಹಿಮಯುಗದ ಸರೋವರದಲ್ಲಿದ್ದ ಮೀನಿನ ಸಂತತಿಯೊಂದು ಸಾಲ್ಟ್ ಕ್ರೀಕ್‌ನ ಉಪ್ಪುನೀರಿನಲ್ಲಿ ಇನ್ನೂ ಬದುಕಿದೆ. ಹೆಬ್ಬೆರಳಿಗಿಂತ ಚಿಕ್ಕದಾದ ಈ ಪಪ್‌ಫಿಶ್ ಕಡುಚಳಿಯಲ್ಲಿ ಕೆಸರಿನೊಳಗೆ ಅಡಗಿರುತ್ತದೆ, ನೀರು ಬೆಚ್ಚಗಾದೊಡನೆ ಮೇಲೆ ಬರುತ್ತದೆ. ಆಗ ಗಂಡುಮೀನುಗಳು ನೀಲಿ ಬಣ್ಣ ತಳೆದು, ಅಂಗುಲಗಳಷ್ಟೇ ಆಳದ ನೀರಿನಲ್ಲಿ ಜಾಗಕ್ಕಾಗಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಅದೇ ತಿಂಗಳು, ಹಿಂದಿನ ಮಳೆ ಸರಿಯಾಗಿ ಬಿದ್ದಿದ್ದರೆ, ತಗ್ಗಿನ ಇಳಿಜಾರುಗಳಲ್ಲಿ ಹಳದಿ ಹೂವೂ ಅರಳತೊಡಗಿರುತ್ತದೆ.