ಪುಟಾಣಿ ರೈಲುಗಾಡಿ ಕೊಳ್ಳೋ ಮುಂಚೆ

ಫೆಬ್ರವರಿಯಲ್ಲಿ ಗ್ಲಾಸ್ಗೋದಲ್ಲಿ ನಡೆಯೋ ದೊಡ್ಡ ಪ್ರದರ್ಶನ, ಮಾಡೆಲ್ ರೈಲ್ ಸ್ಕಾಟ್ಲೆಂಡ್. ಮೇಜಿನ ಮೇಲೇ ಊರು, ಸೇತುವೆ, ಸುರಂಗ ಕಟ್ಟಿ ರೈಲು ಓಡಿಸ್ತಾರೆ. ಜೇಬಿಗೆ ಕತ್ತರಿ ಬೀಳೋದು ಮಾತ್ರ ಅಂಗಡಿಸಾಲಲ್ಲಿ!

ಮೊದಲು ಅಳತೆ ನೋಡಿ. ಬ್ರಿಟನ್ನಲ್ಲಿ ಹೆಚ್ಚು ಚಾಲ್ತಿಯಲ್ಲಿರೋದು ಓಓ, ಅಂದ್ರೆ ಅಸಲಿ ರೈಲಿನ 76ರಲ್ಲಿ ಒಂದು ಪಾಲು. ಯುರೋಪಿನ ಎಚ್‌ಓ, 87ರಲ್ಲಿ ಒಂದು ಪಾಲು. ತಮಾಷೆ ಏನು ಗೊತ್ತಾ? ಎರಡೂ ಓಡೋದು ಒಂದೇ 16.5 ಮಿಲಿಮೀಟರ್ ಹಳಿ ಮೇಲೆ. ಲೆಕ್ಕ ಹಾಕಿದ್ರೆ ಓಓಗೆ 18.83 ಇರಬೇಕಿತ್ತು! ಹಳಿ ಕಿರಿದು, ಗಾಡಿ ಅಗಲ. ಬ್ರಿಟಿಷರು ಅದಕ್ಕೇ ಒಗ್ಗಿಹೋಗಿದ್ದಾರೆ. ಹಾಗಾಗಿ ಹಳಿ ಮೇಲೆ ಕೂತಿತು ಅಂತ ಕೊಂಡುಬಿಡಬೇಡಿ, ಮನೆಗೆ ಬಂದ್ಮೇಲೆ ಒಂದು ಗಾಡಿ ದೊಡ್ಡದು, ಇನ್ನೊಂದು ಚಿಕ್ಕದು ಆಗುತ್ತೆ.

ಸೆಕೆಂಡ್ ಹ್ಯಾಂಡ್ ವ್ಯಾಗನ್ನಾ? ಮಗುಚಿ ನೋಡಿ. ಚಕ್ರ ಸಲೀಸಾಗಿ ತಿರುಗಬೇಕು, ಕೊಂಡಿ ನಿಮ್ಮ ಗಾಡಿಗಳಿಗೆ ಹೊಂದಬೇಕು. ಬಣ್ಣ ಮಾಸಿದ್ರೆ ಚಿಂತೆಯಿಲ್ಲ, ಗೂಡ್ಸ್ ವ್ಯಾಗನ್ ಫಳಫಳ ಹೊಳೆದ್ರೇನೇ ವಿಚಿತ್ರ.

ಎಂಜಿನ್ ಆದ್ರೆ ಹುಷಾರು. ಹಳೇ ಮಾಡೆಲ್ಲಿನ ಸತುಮಿಶ್ರಿತ ಚಾಸಿ ಕೆಲವೊಮ್ಮೆ ಒಳಗೊಳಗೇ ಉಬ್ಬಿ ಬಿರುಕು ಬಿಡುತ್ತೆ. ಅದಕ್ಕೆ ರಿಪೇರಿ ಇಲ್ಲ. ಸಂಕೋಚ ಬಿಟ್ಟು, "ಒಂದ್ಸಲ ಓಡಿಸಿ ತೋರಿಸಿ" ಅಂತ ಕೇಳಿ. ಹಿಂದಕ್ಕೂ ಓಡಿಸೋಕೆ ಹೇಳಿ!