ನಲವತ್ಮೂರಕ್ಕೆ ನಂಬರ್ ಒನ್: ಕೊಡಗಿನ ಬೋಪಣ್ಣ



ನಮ್ಮ ಕೆಪೆ ತಾಲೂಕಿನಲ್ಲಿ ಸಂಜೆ ಆದ್ರೆ ಸಾಕು, ಬಯಲು ಸಿಕ್ಕಲ್ಲಿ ಹುಡುಗರು ಫುಟ್ಬಾಲ್ ಆಡ್ತಾರೆ. ಗೋವಾದ ಮಣ್ಣಿನ ಆಟ ಅದು. ಕ್ರಿಕೆಟ್ ಅಂತೂ ಎಲ್ಲರಿಗೂ ಗೊತ್ತು. ಆದ್ರೆ ಟೆನಿಸ್ ಅಂದ್ರೆ? ಟಿ.ವಿ.ಯಲ್ಲಿ ಕಂಡಿರಬಹುದು. ನಡುವೆ ಒಂದು ಬಲೆ, ಆ ಕಡೆ ಈ ಕಡೆ ಆಟಗಾರರು, ಹಳದಿ ಚೆಂಡು. "ಇದು ದೊಡ್ಡೋರ ಆಟ, ನಮಗ್ಯಾಕೆ" ಅಂತ ಚಾನೆಲ್ ಬದಲಿಸಿರಲೂಬಹುದು.

ಆದ್ರೆ ಈ ಆಟದಲ್ಲಿ ನಮ್ಮ ಕರ್ನಾಟಕದ ಒಬ್ಬರು ಜಗತ್ತಿಗೇ ಮೊದಲಿಗರಾದರು. ಅದೂ 43ನೇ ವಯಸ್ಸಿನಲ್ಲಿ. ಅವರ ಹೆಸರು ರೋಹನ್ ಬೋಪಣ್ಣ. ಅವರ ದುಡಿಮೆಯ ಕಥೆಯನ್ನು ಈ ಪಾಠದಲ್ಲಿ ಓದೋಣ.

ಸಣ್ಣ ನಾಡು, ದೊಡ್ಡ ಆಟ

ಕೊಡಗು ಕರ್ನಾಟಕದ ಒಂದು ಸಣ್ಣ ಜಿಲ್ಲೆ. ಬೆಟ್ಟ, ಮಳೆ, ಕಾಫಿ ತೋಟದ ನಾಡು. ಅಲ್ಲಿನ ಜನರಿಗೆ ಹಾಕಿ ಅಂದ್ರೆ ಪ್ರಾಣ. ಸೈನ್ಯಕ್ಕೂ ಹಾಕಿ ತಂಡಕ್ಕೂ ಆ ನಾಡು ಬಹಳ ಮಂದಿಯನ್ನು ಕೊಟ್ಟಿದೆ.

ರೋಹನ್ ಹುಟ್ಟಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಕೊಡಗಿನಲ್ಲಿ. ತಂದೆ ಕಾಫಿ ಬೆಳೆಗಾರರು. ಹುಡುಗ ಹಾಕಿ, ಫುಟ್ಬಾಲ್ ಎರಡೂ ಆಡುತ್ತಿದ್ದ. ಆದರೆ ಮಗ ತಂಡದ ಆಟಕ್ಕಿಂತ ಒಬ್ಬನೇ ಆಡುವ ಆಟ ಕಲಿಯಲಿ ಅಂತ ತಂದೆಗೆ ಆಸೆ. ಹಾಗಾಗಿ 11ನೇ ವಯಸ್ಸಿಗೆ ಟೆನಿಸ್ ಶುರುವಾಯಿತು. ಟೆನಿಸ್‌ನ ದೊಡ್ಡ ಆಟಗಾರರು ಹಲವರು ನಾಲ್ಕೈದು ವರ್ಷಕ್ಕೇ ಕೈಗೆ ಬ್ಯಾಟು ಹಿಡಿದವರು. ಅವರ ಲೆಕ್ಕದಲ್ಲಿ ಇದು ತಡವೇ.

ಬೋಪಣ್ಣ ಪೂರ್ತಿಯಾಗಿ ಟೆನಿಸ್ ಕಡೆ ತಿರುಗಿದ್ದು 19ರ ಹೊತ್ತಿಗೆ. 2003ರಲ್ಲಿ ಅದನ್ನೇ ಉದ್ಯೋಗ ಮಾಡಿಕೊಂಡರು.

ಆಟ ಹೇಗೆ?

ಟೆನಿಸ್ ಅಂಗಳದ ಉದ್ದ 78 ಅಡಿ. ಅಡ್ಡಲಾಗಿ ನಡುವೆ ಬಲೆ ಕಟ್ಟಿರುತ್ತದೆ. ಬಲೆಯ ನಡುಭಾಗದ ಎತ್ತರ 3 ಅಡಿ. ಚೆಂಡನ್ನು ಬಲೆಯ ಮೇಲಿಂದ ಎದುರಿನವರ ಗೆರೆಯೊಳಗೆ ಹೊಡೆಯಬೇಕು. ಅವರು ವಾಪಸ್ ಹೊಡೆಯಲು ಆಗದಿದ್ದರೆ ನಮಗೆ ಅಂಕ.

ಒಬ್ಬರ ಎದುರು ಒಬ್ಬರು ಆಡಿದರೆ ಅದು ಸಿಂಗಲ್ಸ್. ಇಬ್ಬರ ಎದುರು ಇಬ್ಬರು ಆಡಿದರೆ ಅದು ಡಬಲ್ಸ್, ಅಂದರೆ ಜೋಡಿ ಆಟ. ಒಬ್ಬ ಗಂಡು, ಒಬ್ಬ ಹೆಣ್ಣು ಸೇರಿದ ಜೋಡಿಯ ಆಟಕ್ಕೆ ಮಿಶ್ರ ಡಬಲ್ಸ್ ಅಂತಾರೆ.

ಈಗ ಒಂದು ಸಣ್ಣ ಲೆಕ್ಕ ನೋಡಿ. ಸಿಂಗಲ್ಸ್‌ನಲ್ಲಿ ಅಂಗಳದ ಅಗಲ 27 ಅಡಿ. ಅಷ್ಟನ್ನೂ ಒಬ್ಬರೇ ಓಡಾಡಿ ಕಾಯಬೇಕು. ಡಬಲ್ಸ್‌ನಲ್ಲಿ ಅಗಲ 36 ಅಡಿ, ಕಾಯುವವರು ಇಬ್ಬರು. ಒಬ್ಬರ ಪಾಲಿಗೆ ಬರುವುದು 18 ಅಡಿ. ಓಟ ಕಡಿಮೆ. ಆದರೆ ಕಣ್ಣು ಚುರುಕಿರಬೇಕು, ಕೈ ಬೇಗ ಆಡಬೇಕು, ಜೊತೆಗಾರನ ಮನಸ್ಸು ತಿಳಿದಿರಬೇಕು. ವಯಸ್ಸಾದಂತೆ ಕಾಲಿನ ವೇಗ ಇಳಿಯುತ್ತದೆ, ಅನುಭವ ಏರುತ್ತದೆ. ಅದಕ್ಕೇ ಜೋಡಿ ಆಟದಲ್ಲಿ ಹೆಚ್ಚು ವರ್ಷ ಬಾಳಬಹುದು.

ಬೋಪಣ್ಣ ಮೊದಲು ಸಿಂಗಲ್ಸ್ ಆಡಿ ನೋಡಿದರು. 2007ರಲ್ಲಿ ಜಗತ್ತಿನ ಪಟ್ಟಿಯಲ್ಲಿ 213ನೇ ಸ್ಥಾನ ಸಿಕ್ಕಿತು. ಅದಕ್ಕಿಂತ ಮೇಲೆ ಹೋಗಲು ಆಗಲಿಲ್ಲ. ತಮ್ಮ ಬಲ ಎಲ್ಲಿದೆ ಅಂತ ತಿಳಿದುಕೊಂಡು ಜೋಡಿ ಆಟಕ್ಕೆ ಹೊರಳಿದರು. ಎತ್ತರದ ಆಳು. ಮೊದಲ ಹೊಡೆತಕ್ಕೆ ಸರ್ವ್ ಅಂತಾರೆ. ಅವರ ಸರ್ವ್ ಸಿಡಿಲಿನ ಹಾಗೆ ಬೀಳುತ್ತಿತ್ತು.

ಸಂಬಳ ಇಲ್ಲದ ಕೆಲಸ

ಇದು ಉದ್ಯೋಗ ಅಂದೆವಲ್ಲ, ಸಂಬಳ ಯಾರು ಕೊಡ್ತಾರೆ? ಯಾರೂ ಕೊಡುವುದಿಲ್ಲ. ಟೆನಿಸ್ ಆಟಗಾರನಿಗೆ ತಿಂಗಳ ಪಗಾರ ಇಲ್ಲ. ಗೆದ್ದಷ್ಟು ದೂರ ದುಡ್ಡು. ಮೊದಲ ಸುತ್ತಿನಲ್ಲೇ ಸೋತರೆ ಬಹಳ ಕಡಿಮೆ. ವಿಮಾನದ ಚಾರ್ಜು, ಹೋಟೆಲ್ ಖರ್ಚು, ಕಲಿಸುವ ಗುರುವಿನ ಫೀಸು, ಮೈಕೈ ನೋವಿಗೆ ಆರೈಕೆ, ಇದೆಲ್ಲ ಬಹಳ ಸಲ ಆಟಗಾರನ ಕೈಯಿಂದಲೇ ಹೋಗಬೇಕು. ವರ್ಷದಲ್ಲಿ ಎಷ್ಟೋ ವಾರ ಮನೆ ಬಿಟ್ಟು ಇರಬೇಕು.

ಕೆಲಸ ಹುಡುಕಿ ರೈಲು ಹತ್ತಿ ಗೋವಾಕ್ಕೆ ಬಂದ ನಮ್ಮ ಜನರಿಗೆ ಇದು ಬೇಗ ಅರ್ಥ ಆಗುತ್ತದೆ. ದುಡಿದ ದಿನ ಕೂಲಿ. ಮೈಗೆ ಹುಷಾರಿಲ್ಲದ ದಿನ ಕೂಲಿ ಇಲ್ಲ. ಅಲ್ಲಿ ಹಣದ ಮೊತ್ತ ದೊಡ್ಡದು, ಆದರೆ ಆತಂಕದ ಬಗೆ ಇದೇ.

ಇನ್ನೊಂದು ಕಟ್ಟುನಿಟ್ಟು ಇದೆ. ಜಗತ್ತಿನ ಪಟ್ಟಿ ತಯಾರಾಗುವುದು ಹಿಂದಿನ 52 ವಾರಗಳ ಅಂಕದ ಮೇಲೆ. ಹೋದ ವರ್ಷ ಗೆದ್ದ ಅಂಕ ಈ ವರ್ಷ ಅದೇ ಹೊತ್ತಿಗೆ ಅಳಿದುಹೋಗುತ್ತದೆ. ಮತ್ತೆ ಗೆಲ್ಲಬೇಕು. ಹಳೆಯ ಹೆಸರು ಹೇಳಿಕೊಂಡು ಕೂರಲು ಆಗದು.

ಜೋಡಿ ಯಾರು?

ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಡೇವಿಸ್ ಕಪ್ ಇವುಗಳಲ್ಲಿ ಜೊತೆಗಾರ ನಮ್ಮ ದೇಶದವರೇ ಆಗಿರಬೇಕು. ಉಳಿದ ಪಂದ್ಯಗಳಲ್ಲಿ ಯಾವ ದೇಶದವರಾದರೂ ಸರಿ.

2010ರಲ್ಲಿ ಬೋಪಣ್ಣನವರ ಜೊತೆಗಾರ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. ಒಬ್ಬ ಹಿಂದೂಸ್ತಾನಿ, ಒಬ್ಬ ಪಾಕಿಸ್ತಾನಿ, ಒಂದೇ ಪಕ್ಕದಲ್ಲಿ! "ಯುದ್ಧ ನಿಲ್ಲಿಸಿ, ಟೆನಿಸ್ ಶುರುಮಾಡಿ" ಅನ್ನುವ ಮಾತನ್ನು ಅಂಗಿಯ ಮೇಲೆ ಬರೆಸಿಕೊಂಡು ಅಂಗಳಕ್ಕೆ ಬಂದರು. ಆ ವರ್ಷ ಅಮೆರಿಕಾ ಓಪನ್‌ನಲ್ಲಿ ಫೈನಲ್‌ಗೆ ಹೋದರು. ವಿಶ್ವಸಂಸ್ಥೆಯಲ್ಲಿ ಎರಡೂ ದೇಶದ ರಾಯಭಾರಿಗಳು ಬಂದು ಜೊತೆಯಲ್ಲಿ ಕೂತು ಆಟ ನೋಡಿದರು. ಫೈನಲ್‌ನಲ್ಲಿ ಅಮೆರಿಕಾದ ಬ್ರಯಾನ್ ಸೋದರರು ಗೆದ್ದರು. ಆದರೂ ಜನ ಈ ಜೋಡಿಯನ್ನು ಮರೆಯಲಿಲ್ಲ.

ಏಳು ಬೀಳು

ಟೆನಿಸ್‌ನಲ್ಲಿ ನಾಲ್ಕು ಪಂದ್ಯಾವಳಿಗಳು ಎಲ್ಲಕ್ಕಿಂತ ದೊಡ್ಡವು. ಆಸ್ಟ್ರೇಲಿಯಾ ಓಪನ್, ಫ್ರೆಂಚ್ ಓಪನ್, ಇಂಗ್ಲೆಂಡಿನ ವಿಂಬಲ್ಡನ್, ಅಮೆರಿಕಾ ಓಪನ್. ಇವುಗಳಿಗೆ ಗ್ರ್ಯಾಂಡ್ ಸ್ಲಾಮ್ ಅಂತ ಹೆಸರು.

2013ರಲ್ಲಿ ಬೋಪಣ್ಣ ಡಬಲ್ಸ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿದರು. ಆಗ ವಯಸ್ಸು 33. ಇನ್ನೆರಡೇ ಮೆಟ್ಟಿಲು. ಆದರೆ ಆ ಎರಡು ಮೆಟ್ಟಿಲಿಗೆ ಹತ್ತು ವರ್ಷ ಹಿಡಿಯಿತು.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪದಕದ ಪಂದ್ಯ ಆಡಿ ಸೋತರು. ಪದಕ ಕೈಗೆ ಬಂದಂತೆ ಆಗಿ ತಪ್ಪಿತು. ಮರುವರ್ಷ, 2017ರ ಫ್ರೆಂಚ್ ಓಪನ್‌ನಲ್ಲಿ, ಕೆನಡಾದ ಗೇಬ್ರಿಯೆಲಾ ದಬ್ರೋವ್‌ಸ್ಕಿ ಜೊತೆ ಮಿಶ್ರ ಡಬಲ್ಸ್ ಗೆದ್ದರು. ಅದು ಅವರ ಮೊದಲ ಗ್ರ್ಯಾಂಡ್ ಸ್ಲಾಮ್. ಅವರಿಗಿಂತ ಮೊದಲು ಭಾರತದ ಮೂವರಷ್ಟೇ ಗ್ರ್ಯಾಂಡ್ ಸ್ಲಾಮ್ ಗೆದ್ದಿದ್ದರು: ಮಹೇಶ್ ಭೂಪತಿ, ಲಿಯಾಂಡರ್ ಪೇಸ್, ಸಾನಿಯಾ ಮಿರ್ಜಾ. ಇವರಲ್ಲಿ ಪೇಸ್ ಮನೆತನದ ಮೂಲ ನಮ್ಮ ಗೋವಾ.

ಆಮೇಲೆ ಮತ್ತೆ ಇಳಿತ. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಆಟ ಬಿಟ್ಟುಬಿಡುತ್ತೇನೆ ಅಂತ ಹೆಂಡತಿಗೆ ವಿಡಿಯೋ ಸಂದೇಶ ಕಳಿಸಿದ್ದಾಗಿ ಮುಂದೆ ಅವರೇ ಹೇಳಿಕೊಂಡರು. ವಯಸ್ಸು 41. ಮೊಣಕಾಲು ಸವೆದಿತ್ತು. ನಮ್ಮ ಮೊಣಕಾಲಿನಲ್ಲಿ ಎರಡು ಎಲುಬಿನ ನಡುವೆ ದಿಂಬಿನ ಹಾಗೆ ಒಂದು ಮೆತ್ತನೆಯ ಪದರ ಇರುತ್ತದೆ. ಅದು ಸವೆದರೆ ಎಲುಬಿಗೆ ಎಲುಬು ತಿಕ್ಕಿ ನೋವು. ತಲೆಯ ಮೇಲೆ ಭಾರ ಹೊತ್ತವರಿಗೆ ಈ ನೋವು ಹೊಸದಲ್ಲ.

ಬೋಪಣ್ಣ ಅಯ್ಯಂಗಾರ್ ಯೋಗ ಹಿಡಿದರು. ಈ ಪದ್ಧತಿ ಕೊಟ್ಟ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಹಗ್ಗ, ಕುರ್ಚಿ, ಮರದ ತುಂಡು ಇವುಗಳ ಆಸರೆಯಲ್ಲಿ ನಿಧಾನವಾಗಿ ಆಸನ ಮಾಡುವ ಕ್ರಮ ಇದು. ಕಾಲಿಗೆ ಬಲ ಬಂತು, ಅಂಗಳದಲ್ಲಿ ಮನಸ್ಸು ನಿಂತಿತು ಅಂತ ಅವರು ಹೇಳಿದ್ದಾರೆ.

ಕೊನೆಗೂ ಬಂದ ದಿನ

2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗಾರರಾದರು. ಆ ವರ್ಷ ಇಬ್ಬರೂ ಅಮೆರಿಕಾ ಓಪನ್ ಫೈನಲ್ ಆಡಿ ಸೋತರು. ಅದೇ ವರ್ಷ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಋತುಜಾ ಭೋಸಲೆ ಜೊತೆ ಬೋಪಣ್ಣನವರಿಗೆ ಮಿಶ್ರ ಡಬಲ್ಸ್ ಚಿನ್ನ ಬಂತು.

2024ರ ಜನವರಿ 27. ಮೆಲ್ಬರ್ನ್ ನಗರ. ಆಸ್ಟ್ರೇಲಿಯಾ ಓಪನ್ ಫೈನಲ್. ಎದುರಿಗೆ ಇಟಲಿಯ ಬೊಲೆಲ್ಲಿ ಮತ್ತು ವವಸ್ಸೋರಿ. ಬೋಪಣ್ಣ ಮತ್ತು ಎಬ್ಡೆನ್ 7-6, 7-5ರಿಂದ ಗೆದ್ದರು. ಆ ದಿನ ಬೋಪಣ್ಣನವರ ವಯಸ್ಸು 43 ವರ್ಷ 329 ದಿನ. 1968ರ ನಂತರದ ಟೆನಿಸ್‌ನಲ್ಲಿ ಇಷ್ಟು ವಯಸ್ಸಿನ ಯಾವ ಗಂಡಸೂ ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದಿರಲಿಲ್ಲ. ಎರಡು ದಿನಕ್ಕೆ ಹೊಸ ಪಟ್ಟಿ ಬಂತು. ಡಬಲ್ಸ್‌ನಲ್ಲಿ ಜಗತ್ತಿಗೆ 1ನೇ ಸ್ಥಾನ. ಮೊದಲ ಸಲ ಆ ಸ್ಥಾನಕ್ಕೆ ಏರಿದವರಲ್ಲಿ ಅವರೇ ಎಲ್ಲರಿಗಿಂತ ಹಿರಿಯರು. ಅದೇ ವರ್ಷ ಪದ್ಮಶ್ರೀ ಬಂತು.

2025ರ ನವೆಂಬರ್ 1ರಂದು, 45ನೇ ವಯಸ್ಸಿಗೆ, ಅವರು ಆಟಕ್ಕೆ ವಿದಾಯ ಹೇಳಿದರು.

ನಾವು ಏನು ತಿಳಿಯಬಹುದು?

"ವಯಸ್ಸಾಯ್ತು, ಇನ್ನೇನು ಕಲಿಯೋದು" ಅನ್ನುವ ಮಾತು ನಮ್ಮ ಕಲಿಕಾ ಕೇಂದ್ರಗಳಲ್ಲಿ ದಿನಾ ಕೇಳುತ್ತದೆ. ಬೋಪಣ್ಣನವರಿಗೆ ಅನುಕೂಲ ಇತ್ತು, ತೋಟ ಇತ್ತು, ತಂದೆಯ ಬೆಂಬಲ ಇತ್ತು. ಅದು ಎಲ್ಲರಿಗೂ ಇರುವುದಿಲ್ಲ, ಸತ್ಯ. ಆದರೆ ಮೊಣಕಾಲಿಗೆ ಬಡವ ಶ್ರೀಮಂತ ಅಂತ ಭೇದ ಇಲ್ಲ, ಸೋಲಿಗೂ ಇಲ್ಲ. ಸಿಂಗಲ್ಸ್ ಕೈ ಹಿಡಿಯದಿದ್ದಾಗ ಅವರು ತಮಗೆ ಒಗ್ಗುವ ದಾರಿ ಹುಡುಕಿಕೊಂಡರು. ಮೈ ಸವೆದಾಗ ಆರೈಕೆ ಮಾಡಿಕೊಂಡರು. ಒಳ್ಳೆಯ ಜೊತೆಗಾರನ ಕೂಡ ಆಡಿದರು. ಈ ಮೂರೂ ಯಾವ ವಯಸ್ಸಿನಲ್ಲಾದರೂ ಮಾಡುವಂಥವು.

ಓದಿ, ಮಾತಾಡಿ, ಬರೆಯಿರಿ

1. ಬೋಪಣ್ಣ ಟೆನಿಸ್ ಶುರುಮಾಡಿದಾಗ 11 ವರ್ಷ. ಆಸ್ಟ್ರೇಲಿಯಾ ಓಪನ್ ಗೆದ್ದಾಗ 43. ನಡುವೆ ಎಷ್ಟು ವರ್ಷ? ಲೆಕ್ಕ ಮಾಡಿ.
2. ಡಬಲ್ಸ್‌ನಲ್ಲಿ ಹೆಚ್ಚು ವರ್ಷ ಆಡಬಹುದು. ಯಾಕೆ?
3. ನೀವು ಮದುವೆ, ಮಕ್ಕಳು ಆದ ಮೇಲೆ ಕಲಿತ ಒಂದು ಕೆಲಸ ಯಾವುದು? ಐದು ಸಾಲು ಬರೆದು, ಪಕ್ಕದವರಿಗೆ ಓದಿ ಹೇಳಿ.